ಎಳ್ಳಮಾಸಿಯೊಳಗೆ ನಿಲ್ಲಬೇಕಿದ್ದ ಹೊಗೆ

ನನ್ನ ಕಾರು ಮಸಿ ಉಗುಳುತ್ತಿದೆ ಎಂಬ ಸುದ್ದಿ ನನಗೆ ಮುಟ್ಟಿದ್ದು ಎದುರುಮನೆಯವರ ಬಿಳಿ ಧೋತರದ ಮುಖಾಂತರ. ವಿಜಯಪುರದ ಜೋರಾಪುರ ಪೇಟೆಯಲ್ಲಿ ನಮ್ಮ ಓಣಿ ಎಷ್ಟು ಇಕ್ಕಟ್ಟೆಂದರೆ, ನನ್ನ ಕಾರಿನ ಹಿಂಭಾಗ ದಿನವೂ ಅವರ ಕಟ್ಟೆಗೆ ತಾಗಿಕೊಂಡೇ ನಿಂತಿರುತ್ತದೆ. ಡಿಸೆಂಬರಿನ ಒಂದು ಬೆಳಿಗ್ಗೆ ನಾನು ಎಂಜಿನ್ ಚಾಲೂ ಮಾಡಿದ್ದೇ ತಡ, ಆ ಮನೆಯಾಕೆ ಗಂಡನ ಧೋತರವನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಕಾರಿನ ಮುಂದೆ ಬಂದು ನಿಂತಳು.

"ಇದನ್ನೇನ ನಾ ಇಟ್ಟಂಗಿ ಭಟ್ಟ್ಯಾಗ ಒಣಗಿಸೇನೇನ್ರಿ ಅಕ್ಕಾರ?"

ಧೋತರದ ಮೇಲೆ ಕಪ್ಪು ಚುಕ್ಕಿಗಳು. ನಾನು ಜಗಳಕ್ಕೆ ಹಿಂದೆ ಸರಿಯುವ ಹೆಂಗಸಲ್ಲ. ಉತ್ತರ ಕೊಡಲು ಬಾಯಿಯನ್ನೂ ತೆರೆದಿದ್ದೆ. ಆದರೆ ಇಳಿದು ಹೋಗಿ ಸೈಲೆನ್ಸರಿನ ಬಾಯಿಗೆ ಬೆರಳಿಟ್ಟು ನೋಡಿದರೆ ಬೆರಳು ಕಾಡಿಗೆ ಡಬ್ಬಿಯಲ್ಲಿ ಅದ್ದಿದಂತಾಯಿತು. ಮೂಸಿದೆ, ಪೆಟ್ರೋಲ್ ವಾಸನೆ. ಆ ಬೆರಳನ್ನು ಯೋಚಿಸದೆ ಸೆರಗಿಗೆ ಒರೆಸಿಕೊಂಡೆ. ಧೋತರ ಒಗೆದು ಕೊಡುತ್ತೇನೆಂದು ಒಪ್ಪಿಕೊಂಡು, ಕಪ್ಪು ಸೆರಗಿನಲ್ಲೇ ಶಾಲೆಗೆ ಹೋದೆ.

ನಾನು ಬಬಲೇಶ್ವರದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಐವತ್ತು ದಾಟಿದ್ದೇನೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೂ ಶಾಲೆಯವರೂ ಒಂದೇ ಬಾಯಿಂದ ಹೇಳುವುದರಿಂದ ಅದನ್ನು ನಾನೂ ಒಪ್ಪಿಕೊಂಡುಬಿಟ್ಟಿದ್ದೇನೆ. ಕಾರು ಸಣ್ಣದು, ಪೆಟ್ರೋಲಿನದು, ಹನ್ನೆರಡು ವರ್ಷ ಹಳೆಯದು. ವಿಜ್ಞಾನದವಳಾದ್ದರಿಂದ ಮಸಿಯ ಅರ್ಥ ನನಗೆ ಗೊತ್ತಿತ್ತು. ಎಂಜಿನ್ನಿಗೆ ಗಾಳಿ ಇಷ್ಟು, ಪೆಟ್ರೋಲ್ ಇಷ್ಟು ಎಂದು ಒಂದು ಹದ ಇರುತ್ತದೆ. ಪೆಟ್ರೋಲ್ ಹೆಚ್ಚಾದರೆ ಅದು ಪೂರ್ತಿ ಉರಿಯದೆ ಮಸಿಯಾಗಿ ಹೊರಗೆ ಬರುತ್ತದೆ. ಇದಕ್ಕೆ ಮೆಕ್ಯಾನಿಕ್‌ಗಳು "ಗಾಡಿ ರಿಚ್ ಆಗೇತಿ" ಎನ್ನುತ್ತಾರೆ. ಏಕೆ ರಿಚ್ ಆಯಿತು ಎಂಬುದು ಮಾತ್ರ ಪಠ್ಯಪುಸ್ತಕದಲ್ಲಿ ಇರಲಿಲ್ಲ.

ಕಾರಿಗೆ ಏನೇ ಆದರೂ ನಾನು ಅದನ್ನು ತಿಕೋಟಾಕ್ಕೆ ಒಯ್ಯುತ್ತೇನೆ. ವಿಜಯಪುರದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯಲ್ಲಿ ತಿಕೋಟಾ ಬರುವುದಿಲ್ಲ, ಸುತ್ತು ಹಾಕಿಯೇ ಹೋಗಬೇಕು. ಅದು ನನ್ನ ತವರು ಎಂಬುದು ಅರ್ಧ ಕಾರಣ. ಇನ್ನರ್ಧ ಅಲ್ಲಿನ ಮಿಸ್ತ್ರಿ. ಅರವತ್ತು ದಾಟಿದ ಮನುಷ್ಯ, ನನಗೆ ಊರ ಸಂಬಂಧದಲ್ಲಿ ಕಾಕಾ. ಜನ ಇದ್ದಾಗ ಗೌರವಕ್ಕೆ ನನ್ನನ್ನು "ಅಕ್ಕಾರ" ಎನ್ನುತ್ತಾನೆ, ಜನ ಇಲ್ಲದಾಗ "ತಂಗಿ" ಎನ್ನುತ್ತಾನೆ. ನನಗೆ ಡ್ರೈವಿಂಗ್ ಕಲಿಸಿದವನು ಅವನೇ. ಮೊದಲು ನನ್ನ ಗಂಡ ಒಂದು ದಿನ ಕಲಿಸಿದರು. ಆ ಸಂಜೆ ನಾವಿಬ್ಬರೂ ಬೇರೆ ಬೇರೆ ಆಟೋದಲ್ಲಿ ಮನೆಗೆ ಬಂದೆವು. ಕಾಕಾ ಮಾತ್ರ ಒಂದು ತಿಂಗಳು ನನ್ನ ಪಕ್ಕದ ಸೀಟಿನಲ್ಲಿ ಕೂತ. ನಾನು ಟ್ರ್ಯಾಕ್ಟರಿನ ಟ್ರೇಲರಿಗೆ ಒಂದು ಗೇಣು ಅಂತರದಲ್ಲಿ ಹಾದುಹೋದಾಗಲೂ ಕಾಲು ಬಿಗಿಹಿಡಿಯಲಿಲ್ಲ, ದೇವರ ಹೆಸರು ತೆಗೆಯಲಿಲ್ಲ. "ಪಾಸ್ ಆದಿ ತಂಗಿ, ಮುಂದ ನೋಡು" ಎಂದಷ್ಟೇ ಅಂದ. ನನ್ನನ್ನು ನಂಬಿ ಹಾಗೆ ಕೂತ ಗಂಡಸು ನನ್ನ ಜೀವನದಲ್ಲಿ ಬೇರೊಬ್ಬನಿಲ್ಲ. ಅವನೆಂದರೆ ನನಗೆ ಬಹಳ ಪ್ರೀತಿ, ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಅವನ ಅಂಗಡಿ ಎಂದರೆ ತಗಡಿನ ಒಂದು ಚಪ್ಪರ, ಪಕ್ಕದಲ್ಲಿ ಚಹಾದ ಅಂಗಡಿ. ಜೀಪು, ಟ್ರ್ಯಾಕ್ಟರು, ಹಳೇ ಡೀಸೆಲ್ ಗಾಡಿಗಳೆಂದರೆ ಅವನು ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸುತ್ತಾನೆ. ಹೊಸ ಕಾರುಗಳು ಬಂದ ಮೇಲೆ ಜನ ನಗರದ ದೊಡ್ಡ ವರ್ಕ್‌ಶಾಪ್‌ಗಳ ಕಡೆ ಮುಖ ಮಾಡಿದರು. ಕಂಪ್ಯೂಟರ್ ಇರುವ ಕಾರುಗಳಲ್ಲಿ ಇನ್ನೂ ಅವನ ಕೈಗೆ ಬರುತ್ತಿದ್ದವು ಬೆರಳೆಣಿಕೆಯಷ್ಟು. ಅವುಗಳಲ್ಲಿ ನನ್ನದೂ ಒಂದು.

ಆ ಶನಿವಾರ ಬೆಳಗಿನ ಶಾಲೆ ಮುಗಿಸಿ ನಾನು ಕಾರು ತಂದು ನಿಲ್ಲಿಸಿದಾಗ ಚಹಾದಂಗಡಿಯ ಬಾಕಿನ ಮೇಲೆ ಒಬ್ಬರು ದ್ರಾಕ್ಷಿ ತೋಟದವರು ಕೂತಿದ್ದರು. ಅವರಿಗೆ ಔಷಧಿ ಹೊಡೆಯುವ ಹೊತ್ತು ಬಿಟ್ಟರೆ ಉಳಿದದ್ದೆಲ್ಲ ಬಾಯಿ ಹೊಡೆಯುವ ಹೊತ್ತು. ಕಾರು ಒಂದು ಕಪ್ಪು ಉಸಿರು ಬಿಟ್ಟು ನಿಂತಿತು.

"ಮಿಸ್ತ್ರಿ, ಇದು ಕಂಪ್ಯೂಟರ್ ಗಾಡಿ. ನಿನಗ ಬಗೀಹರಿಯಂಗಿಲ್ಲ ಬಿಡೊ. ಅಕ್ಕಾರ್ನ ಬಿಜಾಪುರಕ್ಕ ಕಳಿಸು."

ಕಾಕಾ ಕೈ ಒರೆಸಿಕೊಂಡ. ಅವನ ಕಿವಿ ಕೆಂಪಾದವು.

"ಎಳ್ಳಮಾಸಿ ಒಳಗ ಈ ಗಾಡಿ ಹೊಗಿ ನನ್ನ ಕೈಯಾಗ ನಿಲ್ಲಲಿಲ್ಲಂದ್ರ, ಅವತ್ತ ಅಂಗಡಿ ಬಾಗಲಾ ಹಾಕತೀನಿ. ಮತ್ತ ಪಾನಾ, ಸ್ಪ್ಯಾನರ್ ಯಾವುದೂ ಮುಟ್ಟಂಗಿಲ್ಲ. ನೀವೆಲ್ಲಾರೂ ಸಾಕ್ಷಿ."

ಬೇರೆ ಯಾರಾದರೂ ಹೀಗೆ ಅಂದಿದ್ದರೆ ಬಾಯಿಮಾತು ಎಂದು ನಕ್ಕು ಬಿಡಬಹುದಿತ್ತು. ಆದರೆ ಈ ಮನುಷ್ಯ ಹನ್ನೊಂದು ವರ್ಷದ ಹಿಂದೆ ಯಾವುದೋ ಪಂದ್ಯದಲ್ಲಿ ಸೋತು, ಇನ್ನು ಚಹಾ ಕುಡಿಯುವುದಿಲ್ಲ ಎಂದಿದ್ದವನು, ಅಂದಿನಿಂದ ಇಂದಿನವರೆಗೆ ಚಹಾದಂಗಡಿಯ ಮಗ್ಗುಲಲ್ಲೇ ಕೂತು ಬರೀ ನೀರು ಕುಡಿಯುತ್ತಿದ್ದಾನೆ. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಇನ್ನು ಮೂರು ವಾರವಿತ್ತು. ಊರೆಲ್ಲ ಹೊಲಕ್ಕೆ ಹೋಗಿ ಬೆಳೆಗೆ ಎಡೆಯ ಚರಗ ಚೆಲ್ಲುವ ಹಬ್ಬದ ದಿನ ಇವನು ಬಾಗಿಲಿಗೆ ಬೀಗ ಹಾಕಿಕೊಂಡು ಕೂರುವುದನ್ನು ಎಣಿಸುತ್ತ, ಬಾಕು ಖಾಲಿಯಾಗುವವರೆಗೆ ಕಾದೆ.

"ಯಾಕ ಹಂಗ ಅಂದಿ ಕಾಕಾ?" ಎಂದು ಆಮೇಲೆ ಮೆಲ್ಲಗೆ ಕೇಳಿದೆ.

"ಬಾಯಿಗೆ ಬಂತು, ಅಂದೆ. ಈಗೇನ್ ನುಂಗಾಕ ಬರತೈತೇನ್ ತಂಗಿ?"

ಮೊದಲ ದಿನ ಅವನು ಗಾಳಿಯ ಫಿಲ್ಟರ್ ತೆಗೆದ. ಗಾಳಿ ಕಡಿಮೆ ಬಂದರೂ ಪೆಟ್ರೋಲ್ ಹೆಚ್ಚಾಗುತ್ತದೆ, ಆದ್ದರಿಂದ ಅಲ್ಲಿಂದ ಶುರು ಮಾಡುವುದು ಸರಿಯಾದ ಕ್ರಮವೇ. ಫಿಲ್ಟರನ್ನು ಕಲ್ಲಿಗೆ ಬಡಿದಾಗ ಅದರೊಳಗಿಂದ ಮುಕ್ಕಾಲು ತಿಕೋಟಾ ತಾಲೂಕು ಉದುರಿತು. ಹೊಸದು ಹಾಕಿದೆವು. "ಈಗ ನೋಡ್ರಿ" ಎಂದ. ಸೋಮವಾರ ಬೆಳಿಗ್ಗೆ ಎದುರುಮನೆಯಾಕೆ ಕಟ್ಟೆಯ ಮೇಲೆ ಕೈ ಕಟ್ಟಿ ನಿಂತು ನನ್ನ ಸೈಲೆನ್ಸರನ್ನು ನೋಡಿದಳು. ಸೈಲೆನ್ಸರ್ ಅವಳನ್ನು ನಿರಾಸೆ ಮಾಡಲಿಲ್ಲ.

ಎರಡನೇ ಸಲ ಪ್ಲಗ್ ಬಿಚ್ಚಿದ. ನಾಲ್ಕೂ ಪ್ಲಗ್ಗುಗಳ ಮೂತಿ ಒಂದೇ ಸಮನೆ ಕಪ್ಪಾಗಿತ್ತು. ಹೊಸ ಪ್ಲಗ್ ಹಾಕಿ, "ಈಗ ನೋಡ್ರಿ" ಎಂದ. ನಾಲ್ಕು ದಿನಕ್ಕೆ ಅವೂ ಕಪ್ಪಾದವು. ಮೂರನೇ ಸಲ ಪೆಟ್ರೋಲ್ ಚಿಮ್ಮುವ ಇಂಜೆಕ್ಟರುಗಳನ್ನು ಬಿಚ್ಚಿ ತೊಳೆದ. ನಾಲ್ಕನೇ ಸಲ ಹೊಗೆಯ ಕೊಳವೆಯಲ್ಲಿ ಕೂತು ಹದ ನೋಡುವ ಆಕ್ಸಿಜನ್ ಸೆನ್ಸರನ್ನು ಸೊಲ್ಲಾಪುರದಿಂದ ತರಿಸಿ ಹಾಕಿದ. ಪ್ರತಿ ಸಲವೂ "ಈಗ ನೋಡ್ರಿ" ಎನ್ನುವ ದನಿ ಒಂದು ಮೆಟ್ಟಿಲು ಇಳಿಯುತ್ತಿತ್ತು. ಕೊನೆಯ ಸಲ ಅವನು ಅದನ್ನು ಕಾರಿಗೆ ಹೇಳಿದನೋ ನನಗೆ ಹೇಳಿದನೋ ತಿಳಿಯಲಿಲ್ಲ.

ಈ ನಡುವೆ ಕಾರಿನ ರೋಗ ಸಾರ್ವಜನಿಕವಾಗಿತ್ತು. ದೃಷ್ಟಿಯಾಗಿದೆ ಎಂದು ನಮ್ಮ ಅತ್ತೆ ಬಾನೆಟ್ಟಿನ ಸುತ್ತ ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು. ಘಾಟಿಗೆ ನಾವೆಲ್ಲ ಕೆಮ್ಮಿದೆವು, ಕಾರು ಕೆಮ್ಮಲಿಲ್ಲ. ನಾನು ಕ್ಲಚ್ ಒತ್ತುವ ರೀತಿಯೇ ಸರಿಯಿಲ್ಲ ಎಂದು ನಮ್ಮ ಮುಖ್ಯಗುರುಗಳು ಕಂಡುಹಿಡಿದರು, ಅವರಿಗೆ ಸೈಕಲ್ ಕೂಡ ಬರುವುದಿಲ್ಲ. ನನ್ನ ಗಂಡ ದಿನಕ್ಕೊಂದು ಹೊಸ ಕಾರಣ ಹೇಳುತ್ತ, ಹಿಂದಿನ ದಿನದ ಕಾರಣವನ್ನು ತಾವು ಹೇಳಿಯೇ ಇಲ್ಲ ಎನ್ನುತ್ತಿದ್ದರು. ನಾನು ಎಲ್ಲರ ಮೇಲೂ ಹರಿಹಾಯ್ದೆ. ಕಾಕಾನ ಮೇಲೆ ಮಾತ್ರ ಆಗಲಿಲ್ಲ. ಅವನು ಊಟ ಬಿಟ್ಟಿದ್ದಾನೆ, ಮಧ್ಯಾಹ್ನದ ರೊಟ್ಟಿಯ ಗಂಟು ಬಿಚ್ಚದೆ ಹಾಗೇ ಮನೆಗೆ ಬರುತ್ತಿದೆ ಎಂದು ಅವನ ಹೆಂಡತಿ ಫೋನ್ ಮಾಡಿ ಹೇಳಿದ್ದಳು.

ಎಳ್ಳಮಾಸಿಗೆ ನಾಲ್ಕು ದಿನ ಉಳಿದಿತ್ತು. ನಾನು ತರಿಸಿದ್ದ ಒಂದು ಸಣ್ಣ ಯಂತ್ರ ಆ ದಿನ ಮನೆಗೆ ಬಂತು. ಬೆಂಕಿಪೊಟ್ಟಣದಷ್ಟು ದೊಡ್ಡದು. ಅದನ್ನು ಸ್ಟೇರಿಂಗಿನ ಕೆಳಗಿರುವ ಸಾಕೆಟ್ಟಿಗೆ ಚುಚ್ಚಿದರೆ, ಕಾರಿನ ಕಂಪ್ಯೂಟರ್ ತನ್ನ ಮನಸ್ಸಿನಲ್ಲಿ ಏನಿದೆಯೋ ಅದನ್ನೆಲ್ಲ ಫೋನಿಗೆ ಹೇಳುತ್ತದೆ. ನನ್ನ ಗಂಡನ ಮನಸ್ಸಿಗೂ ಇಂಥದ್ದೊಂದು ಸಾಕೆಟ್ ಇದ್ದಿದ್ದರೆ ಚೆನ್ನಾಗಿತ್ತು. ಮರುದಿನ ಭಾನುವಾರ ಬೆಳಿಗ್ಗೆ ಅವರನ್ನೇ ಪಕ್ಕಕ್ಕೆ ಕೂರಿಸಿಕೊಂಡು, ಫೋನ್ ಕೈಗೆ ಕೊಟ್ಟು, ಬಬಲೇಶ್ವರದ ರಸ್ತೆ ಹಿಡಿದೆ. ಒಳ್ಳೆಯ ಚಳಿ. ನನ್ನ ಗಂಡ ಮಫ್ಲರ್ ಸುತ್ತಿಕೊಂಡು, ಕ್ರಿಕೆಟ್ ಕಾಮೆಂಟರಿಯವರ ಹಾಗೆ ಪರದೆಯ ಮೇಲೆ ಬಂದದ್ದನ್ನೆಲ್ಲ ಓದುತ್ತ ಹೋದರು.

"ಸ್ಪೀಡ್ ಅರವತ್ತು. ನೀರಿನ ಬಿಸಿ ನಲವತ್ತಾರು. ನಲವತ್ತೇಳು. ಮತ್ತ ನಲವತ್ತಾರು."

"ಯಾವ ನೀರು?"

"ಎಂಜಿನ್ನಿಂದು. ನಲವತ್ತೆಂಟು. ಓ, ನಲವತ್ತೇಳಕ್ಕ ಇಳೀತು. ನಮ್ಮ ಮನಿ ಗೀಜರ್ ಇದಕ್ಕಿಂತ ಬಿಸಿ ಆಕ್ಕೈತಿ ನೋಡು."

ಇಪ್ಪತ್ತು ಕಿಲೋಮೀಟರ್ ಓಡಿದ ಎಂಜಿನ್ನಿನ ನೀರು ಎಂಬತ್ತರ ಮೇಲಿರಬೇಕು. ನಾನು ಕಾರನ್ನು ರಸ್ತೆಯ ಮಗ್ಗುಲಿಗೆ ತಂದು, ಬಾನೆಟ್ ಎತ್ತಿ, ರೇಡಿಯೇಟರಿನ ಪೈಪಿಗೆ ಕೈಯಿಟ್ಟೆ. ಕೂಸಿಗೆ ಎರೆಯುವ ನೀರಿನಷ್ಟು ಬೆಚ್ಚಗಿತ್ತು. ಅದರ ಮುಂದೆ ಫ್ಯಾನು ಗರಗರ ತಿರುಗುತ್ತ, ಬಿಸಿಯೇ ಇಲ್ಲದ ನೀರನ್ನು ಮನಸಾರೆ ಆರಿಸುತ್ತಿತ್ತು.

ಆಗ ನನಗೆ ಡ್ಯಾಷ್‌ಬೋರ್ಡಿನ ನೀಲಿ ದೀಪ ನೆನಪಾಯಿತು. ಹೋಗಿ ನೋಡಿದೆ, ಉರಿಯುತ್ತಲೇ ಇತ್ತು. ಆ ದೀಪ ಚಳಿ ಶುರುವಾದಾಗಿನಿಂದ ಮನೆಯಿಂದ ಶಾಲೆಯವರೆಗೂ ಉರಿಯುತ್ತಿದೆ. ಕೆಂಪು ಅಂದರೆ ಅಪಾಯ, ನೀಲಿ ಅಂದರೆ ಎಲ್ಲ ಶಾಂತ ಎಂದು ನಾನೇ ತೀರ್ಮಾನಿಸಿಕೊಂಡು, ಪಾಪ ಕಾರಿನಲ್ಲಿ ಇದೊಂದಾದರೂ ಸರಿಯಾಗಿದೆಯಲ್ಲ ಎಂದು ಅದನ್ನು ನೋಡಿ ಸಮಾಧಾನಪಡುತ್ತಿದ್ದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದು ಹೇಳುವುದಷ್ಟೇ ಆ ದೀಪದ ಕೆಲಸ. ತಣ್ಣಗಿರುವ ಎಂಜಿನ್ನಿಗೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಕೊಡುತ್ತದೆ, ಬೇಗ ಬಿಸಿಯಾಗಲಿ ಎಂದು. ಬಿಸಿಯಾದ ಮೇಲೆ ಕಡಿಮೆ ಮಾಡುತ್ತದೆ. ನಮ್ಮ ಎಂಜಿನ್ ಬಿಸಿಯಾಗುತ್ತಲೇ ಇರಲಿಲ್ಲ, ಕಂಪ್ಯೂಟರ್ ಬಡಿಸುತ್ತಲೇ ಇತ್ತು. ನೆಲವೆಲ್ಲ ಕಾದು ಹಂಚಾಗುವ ವಿಜಯಪುರದಲ್ಲಿ ನನ್ನ ಕಾರಿಗೆ ಚಳಿ ಹಿಡಿದಿತ್ತು.

ಏಕೆ ಎಂಬುದೂ ಆ ಕ್ಷಣವೇ ಹೊಳೆಯಿತು. ಹೊಳೆಯದಿದ್ದರೆ ಒಳ್ಳೆಯದಿತ್ತು. ಹಿಂದಿನ ಮಾರ್ಚ್ ತಿಂಗಳಲ್ಲಿ ತಿಕೋಟಾದ ಹತ್ತಿರ ಒಂದು ಪೈಪು ಒಡೆದು ಕಾರಿನಿಂದ ಹಬೆ ಎದ್ದಿತ್ತು. ಕಾಕಾ ಪೈಪು ಬದಲಿಸಿದ. ಆಮೇಲೆ, ನನ್ನ ಮೇಲಿನ ಅಕ್ಕರೆಗೆ, ಎಂಜಿನ್ನಿನ ಬಾಯಿಂದ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಒಂದು ಹಿತ್ತಾಳೆಯ ವಾಲ್ವ್ ತೆಗೆದು ಹೊರಗಿಟ್ಟ. ಅದು ಥರ್ಮೋಸ್ಟಾಟ್. ನೀರು ಸಾಕಷ್ಟು ಬಿಸಿಯಾಗುವವರೆಗೆ ಅದನ್ನು ರೇಡಿಯೇಟರಿಗೆ ಬಿಡದೆ ಎಂಜಿನ್ನಿನಲ್ಲೇ ತಡೆದು ನಿಲ್ಲಿಸುವುದು ಅದರ ಕೆಲಸ. "ಇದು ಥಂಡಿ ದೇಶದವರ ಸಾಮಾನು ತಂಗಿ. ನಮ್ಮ ಬಿಸಲಿಗೆ ಇದು ಸುಮ್ಮನ ಅಡ್ಡ" ಎಂದಿದ್ದ. ಕೀ ತಿರುವಿದ ಕೂಡಲೇ ಫ್ಯಾನ್ ಸದಾ ತಿರುಗುವ ಹಾಗೆ ವೈರನ್ನೂ ನೇರ ಜೋಡಿಸಿದ್ದ. ನಮ್ಮ ಕಡೆ ಇದು ಅವನೊಬ್ಬನ ಪದ್ಧತಿಯಲ್ಲ. ಬೇಸಿಗೆ ಬಂತೆಂದರೆ ಎಷ್ಟೋ ಮಿಸ್ತ್ರಿಗಳು ಗಾಡಿಗೆ ಮಾಡುವ ಉಪಕಾರ ಅದು. ಬೇಸಿಗೆಯಲ್ಲಿ ಅದರಿಂದ ಏನೂ ತಿಳಿಯಲಿಲ್ಲ. ಒಂಬತ್ತು ತಿಂಗಳ ನಂತರ, ಚಳಿ ಬಿದ್ದ ಮೇಲೆ, ಧೋತರ ಕಪ್ಪಾಯಿತು.

ಇಷ್ಟು ದಿನ ಕಾಕಾ ಹುಡುಕುತ್ತಿದ್ದ ಕಳ್ಳ ಕಾಕಾನೇ. ಇದನ್ನು ಹೇಗೆ ಹೇಳುವುದು?

"ಹೇಳಬ್ಯಾಡ. ಇಲ್ಲೇ ಬಿಜಾಪುರದಾಗ ಯಾರ ಕಡಿಂದರ ವಾಲ್ ಹಾಕಿಸಿಬಿಡು. ಹೊಗಿ ನಿಂತ ಮ್ಯಾಲೆ, 'ಕಾಕಾ, ನೀ ಹಾಕಿದ ಸೆನ್ಸರ್ ಈಗ ಕೆಲಸ ಮಾಡಾಕತ್ತೈತಿ' ಅನ್ನು. ಅವನೂ ಖುಷಿ, ನೀನೂ ಖುಷಿ," ಎಂದರು ನನ್ನ ಗಂಡ.

ಮೂವತ್ತು ವರ್ಷದ ಸಂಸಾರದಲ್ಲಿ ಅವರ ಒಂದು ಸಲಹೆ ಇಷ್ಟು ಹಿಡಿಸಿದ್ದು ಅದೇ ಮೊದಲು. ಹೊಸ ವಾಲ್ವ್ ಕೊಂಡೂ ತಂದೆ. ಆದರೆ ಮಾತು ಆಗಿದ್ದದ್ದು "ನನ್ನ ಕೈಯಾಗ ನಿಲ್ಲಬೇಕು" ಎಂದು. ಬೇರೆಯವನ ಕೈಯಲ್ಲಿ ನಿಲ್ಲಿಸಿ ಇವನಿಗೆ ಸುಳ್ಳು ಹೇಳಿದರೆ, ಅವನ ಆ ಸೊಟ್ಟ ಮರ್ಯಾದೆಯನ್ನು ನಾನೇ ತೆಗೆದಂತೆ. ಹಾಗಾಗಿ, ಕಾರಣ ಅವನಿಗೇ ಹೊಳೆಯುವಂಥ ಇನ್ನೊಂದು ಉಪಾಯ ಹೂಡಿದೆ. ಅದು ಬಹಳ ಜಾಣ ಉಪಾಯವೆಂದು ಆಗ ಅನಿಸಿತ್ತು.

ಮರುದಿನ ಶಾಲೆಯ ಪ್ರಯೋಗಾಲಯದ ಥರ್ಮಾಮೀಟರ್ ಚೀಲಕ್ಕೆ ಹಾಕಿಕೊಂಡು, ಶಾಲೆ ಬಿಟ್ಟ ಮೇಲೆ ತಿಕೋಟಾಕ್ಕೆ ಹೋದೆ. ಎಳ್ಳಮಾಸಿಗೆ ಎರಡು ದಿನವಿತ್ತು. ಕಾಕಾ ಚಪ್ಪರದಡಿ ಸುಮ್ಮನೆ ಕೂತಿದ್ದ. ದ್ರಾಕ್ಷಿ ತೋಟದವರೂ ಬಾಕಿನ ಮೇಲೆ ಹಾಜರಿದ್ದರು. ಬರುವ ಹಬ್ಬಕ್ಕಿಂತ ಬೀಗ ಬೀಳುವುದನ್ನು ನೋಡುವ ಆತುರವೇ ಅವರಿಗೆ ಹೆಚ್ಚಾಗಿದ್ದಂತಿತ್ತು.

"ಕಾಕಾ, ಸಾಲ್ಯಾಗ ಮಕ್ಕಳಿಗೆ ಒಂದು ಪ್ರಯೋಗ ತೋರಸಬೇಕಾಗೇತಿ. ಈ ವಾಲ್ ಎಷ್ಟ ಬಿಸಿಗೆ ತೆರೀತೈತಿ ಅಂತ. ಚೂರು ನೋಡೋಣ ಬಾ," ಎಂದೆ. ಸುಳ್ಳು ಹೇಳುವಾಗ ನನ್ನ ದನಿ ಏರುತ್ತದೆ. ಏರಿತು.

ಚಹಾದಂಗಡಿಯವನ ಒಲೆಯ ಮೇಲೆ ಪಾತೇಲಿಯಲ್ಲಿ ನೀರಿಟ್ಟು, ವಾಲ್ವನ್ನು ದಾರಕ್ಕೆ ಕಟ್ಟಿ ಮುಳುಗಿಸಿದೆವು. ಜನ ಸುತ್ತ ನೆರೆದರು. ನಾನು ಥರ್ಮಾಮೀಟರ್ ಹಿಡಿದು ಅಂಕಿ ಓದುತ್ತಿದ್ದೆ. ಐವತ್ತೈದಕ್ಕೆ ಬಂದಾಗ ಕಾಕಾನಿಗೆ ನೀರು ಮುಟ್ಟಿ ನೋಡು ಎಂದೆ. ಬೆರಳು ಅದ್ದಿ ಹಿಂದಕ್ಕೆ ಎಳೆದುಕೊಂಡ.

"ಹಾ! ಸುಡತೈತಿ."

"ವಾಲ್ ತೆರದೈತೇನ?"

ಬಗ್ಗಿ ನೋಡಿದ. "ಇಲ್ಲ. ಮುಚ್ಚೈತಿ."

ಅರವತ್ತು. ಮುಚ್ಚಿತ್ತು. ಎಪ್ಪತ್ತು. ಮುಚ್ಚಿತ್ತು. ದ್ರಾಕ್ಷಿ ತೋಟದವರು, "ಕೆಟ್ಟಿದ್ದು ಕೊಟ್ಟಾರ ಬಿಡ್ರಿ ಅಕ್ಕಾರ" ಎಂದರು. ಎಂಬತ್ತೆರಡರ ಹತ್ತಿರ ವಾಲ್ವಿನ ನಡುವಿನ ಬಿಲ್ಲೆ ಕೂದಲೆಳೆಯಷ್ಟು ಸರಿಯಿತು. ಆಮೇಲೆ ಇನ್ನಷ್ಟು. ನೀರು ಕುದಿಯುವ ಹೊತ್ತಿಗೆ ಅದು ಪೂರ್ತಿ ಬಾಯಿ ತೆರೆದಿತ್ತು.

ವಾಲ್ವ್ ಬಿಸಿಗೆ ತೆರೆಯುತ್ತದೆ ಎಂಬುದು ಕಾಕಾನಿಗೆ ಗೊತ್ತಿಲ್ಲದ್ದೇನಲ್ಲ. ನಲವತ್ತು ವರ್ಷ ಅದೇ ಕೆಲಸ ಮಾಡಿದವನು. ಆದರೆ ನಮಗೆ ಚರ್ಮ ಸುಡುವ ಬಿಸಿ ಎಂಜಿನ್ನಿಗೆ ಇನ್ನೂ ಚಳಿಯೇ ಎಂಬುದನ್ನು ಅವನು ಹೀಗೆ ಬೆರಳದ್ದಿ ನೋಡಿರಲಿಲ್ಲ. ದಾರ ಹಿಡಿದು ವಾಲ್ವನ್ನು ಮೇಲೆತ್ತಿ ನೋಡಿದ. ನಂತರ ನನ್ನ ಕಾರಿನ ಕಡೆ ನೋಡಿದ. ಆಮೇಲೆ ನನ್ನ ಕಡೆ.

"ತಂಗಿ, ಇದು ಮಕ್ಕಳ ಪಾಠಕ್ಕಲ್ಲ. ಹೌದಿಲ್ಲೊ?"

ಹತ್ತು ಜನರ ಮುಂದೆ ಅವನು ನನ್ನನ್ನು ತಂಗಿ ಎಂದಿದ್ದ.

"ಅಲ್ಲ ಕಾಕಾ. ಎಂಜಿನ್ ಐವತ್ತು ದಾಟವಲ್ದು."

ಅವನು ಗೋಣು ಹಾಕಿದ. ನಾನು ಇದನ್ನು ಒಳಗೆ ಕರೆದು ಹೇಳಬಹುದಿತ್ತು. ಜಾಣತನ ಮಾಡಲು ಹೋಗಿ ಪೂರಾ ಬಜಾರಿನ ಮುಂದೆ ಹೇಳಿದಂತಾಗಿತ್ತು. ಆದರೆ ಅವನು ನನ್ನ ಮೇಲೆ ಸಿಟ್ಟಾಗಲಿಲ್ಲ. ಬಾಕಿನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದ:

"ಕೇಳ್ರಿಲ್ಲಿ. ಅಕ್ಕಾರ ಗಾಡಿಗೆ ಈ ರೋಗ ಹಚ್ಚಿದಾಂವ ನಾನ. ಮಾರ್ಚದಾಗ ಈ ವಾಲ್ ತಗದಾಂವ ನಾನ. ಇಷ್ಟ ದಿವಸ ಊರೆಲ್ಲಾ ಹುಡಿಕ್ಯಾಡಿದೆ."

"ಹಂಗಾರ ಅಂಗಡಿ…" ಎಂದು ದ್ರಾಕ್ಷಿ ತೋಟದವರು ಶುರು ಮಾಡಿದರು.

ನನ್ನ ಸಿಟ್ಟು ಇಪ್ಪತ್ತು ದಿನದಿಂದ ಇಂಥದ್ದೊಂದು ಬಾಯಿಗಾಗಿಯೇ ಕಾದಿತ್ತು. "ಗಾಡಿ ಹೊಗಿ ಅವರ ಕೈಯಾಗ ನಿಲ್ಲಬೇಕು ಅಂತ ಮಾತಾಗಿತ್ತು. ರೋಗ ಯಾರು ಹಚ್ಚಿದ್ರು ಅಂತ ಯಾರೂ ಕೇಳಿಲ್ಲ. ಇನ್ನೂ ಎರಡ ದಿವಸ ಅದಾವ. ಸುಮ್ಮನ ಚಹಾ ಕುಡೀರಿ!" ಎಂದೆ. ಅವರ ಕೈಯಲ್ಲಿನ ಕಪ್ ಖಾಲಿಯಿತ್ತು. ಆದರೂ ಕುಡಿದರು.

ಎರಡು ದಿನ ಬೇಕಾಗಲಿಲ್ಲ. ಒಂದು ತಾಸಿನೊಳಗೆ ಕಾಕಾ ವಾಲ್ವನ್ನು ಅದರ ಜಾಗದಲ್ಲಿ ಕೂರಿಸಿ, ಫ್ಯಾನಿನ ವೈರನ್ನು ಮೊದಲಿದ್ದಂತೆ ಜೋಡಿಸಿ, ಕಪ್ಪಾಗಿದ್ದ ಪ್ಲಗ್ಗುಗಳನ್ನು ಉಜ್ಜಿ ಹಾಕಿದ. ನಾನು ಓಡಿಸಿದೆ, ಅವನು ಪಕ್ಕದಲ್ಲಿ ಕೂತ. ಬಬಲೇಶ್ವರದ ಕಡೆಗೆ ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ನೀಲಿ ದೀಪ ಆರಿತು. ನನ್ನ ಗಂಡ ಜೊತೆಯಲ್ಲಿ ಇಲ್ಲದ್ದರಿಂದ ಪರದೆಯ ದಪ್ಪ ಅಂಕಿಗಳನ್ನು ಕಾಕಾನೇ ಫೋನ್ ದೂರ ಹಿಡಿದು ಓದಿದ: ಎಪ್ಪತ್ತೈದು, ಎಂಬತ್ತು, ಎಂಬತ್ನಾಲ್ಕು. ಅಲ್ಲಿಂದ ಮೇಲೆ ಏರಲಿಲ್ಲ. ಪೂರ್ತಿ ಬಬಲೇಶ್ವರದವರೆಗೂ ಹೋಗಿ ತಿರುಗಿ ಬಂದು, ಸೈಲೆನ್ಸರನ್ನು ಬಟ್ಟೆಯಿಂದ ಒರೆಸಿ, ಮತ್ತೆ ಎಂಜಿನ್ ಜೋರು ಮಾಡಿ, ಬಾಯಿಗೆ ಬಿಳಿ ಕರವಸ್ತ್ರ ಹಿಡಿದೆವು. ಕರವಸ್ತ್ರ ಬಿಳಿಯಾಗಿಯೇ ಉಳಿಯಿತು. ಚಹಾದಂಗಡಿಯವನು ಚಪ್ಪಾಳೆ ಹೊಡೆದ. ದ್ರಾಕ್ಷಿ ತೋಟದವರು ಕೂಡ ಎರಡು ಹೊಡೆದರು.

ಅಂಗಡಿ ಉಳಿಯಿತು, ಇನ್ನು ಇವನು ಉಂಡಾನು ಎಂದು ನಾನು ನಿರಾಳವಾಗಿ ಚೀಲ ಎತ್ತಿಕೊಂಡೆ. ಕಾಕಾ ಮಾತ್ರ ನಗುತ್ತಿರಲಿಲ್ಲ. ಜೇಬಿನಿಂದ ಫೋನ್ ತೆಗೆದು ನನ್ನ ಕೈಗೆ ಕೊಟ್ಟ.

"ಚಸ್ಮಾ ಮನ್ಯಾಗ ಬಿಟ್ಟೀನಿ. ಒಂದೊಂದ ಓದಿ ಹಚ್ಚಿ ಕೊಡು. ಇದೊಂದ ಗಾಡೀನ ಏನ್ ನಾ ವಾಲ್ ತಗದದ್ದು?"

ಫೋನಿನಲ್ಲಿ ಮನುಷ್ಯರ ಹೆಸರೇ ಇರಲಿಲ್ಲ. "ಬಿಳೀ ಕಾರು ಕಾಖಂಡಕಿ," "ಕೆಂಪು ಕಾರು ಬಬಲೇಶ್ವರ," "ಹಾರ್ನ್ ಕೆಟ್ಟಿದ್ದು ತಿಕೋಟಾ." ಮೊದಲನೆಯದಕ್ಕೆ ಫೋನ್ ಹಚ್ಚಿ ಕೊಟ್ಟೆ.

"ನಮಸ್ಕಾರ್ರಿ, ಮಿಸ್ತ್ರಿ ಮಾತಾಡಾಕತ್ತೇನಿ. ನಿಮ್ಮ ಗಾಡ್ಯಾಗಿಂದ ಒಂದು ವಾಲ್ ತಗದಿದ್ನೆಲ್ರಿ, ಅದು ತಗೀಬಾರದಾಗಿತ್ತು. ನನ್ನ ತಪ್ಪು. ತಗೊಂಡ ಬರ್ರಿ, ಮತ್ತ ಹಾಕಿ ಕೊಡತೀನಿ."

ಆ ಕಡೆಯವರ ದನಿ ನನಗೂ ಕೇಳಿಸಿತು. "ಗಾಡಿ ಚೊಲೊ ನಡದೈತಿ, ಬಿಡೊ ಮಾರಾಯಾ. ಯಾರೂ ಕೇಳಿಲ್ಲ, ನೀ ಯಾಕ ಹೇಳಾಕ ಹ್ವಾದಿ?"

"ನಡದೈತಿ ಖರೆ. ನಾ ಮಾಡಿದ್ದು ಸರಿ ಇಲ್ಲಲ್ರಿ. ನೀವು ಬರಲಿಲ್ಲಂದ್ರ ನಾನ ಅಲ್ಲಿಗೆ ಬರತೀನಿ."

ಎರಡನೆಯವನು ಬೈದ. ಕಾಕಾ ಫೋನನ್ನು ಕಿವಿಯಿಂದ ದೂರ ಸರಿಸದೆ ಪೂರ್ತಿ ಬೈಸಿಕೊಂಡು, "ಹೌದ್ರಿ, ಹೌದ್ರಿ, ನಂದ ತಪ್ಪು" ಎಂದು ಮುಗಿಸಿ, ಮುಂದಿನದನ್ನು ಹಚ್ಚು ಎಂದು ಸನ್ನೆ ಮಾಡಿದ. ಹೀಗೆ ಹದಿನಾಲ್ಕು ಫೋನ್. ನಾನು ಹಚ್ಚಿ ಕೊಡುತ್ತ ಹೋದೆ, ನನ್ನ ಮುಖ ನನಗೇ ಬಿಸಿಯಾಗುತ್ತ ಹೋಯಿತು. ಏಕೆಂದರೆ ಮಾರ್ಚಿನಲ್ಲಿ ಅವನು ಆ ವಾಲ್ವ್ ತೆಗೆಯುವಾಗ ಟಾರ್ಚ್ ಹಿಡಿದು ನಿಂತಿದ್ದವಳು ನಾನು. "ಹೌದು ಕಾಕಾ, ನಮ್ಮ ಬಿಸಿಲಿಗೆ ಇದ್ಯಾಕ" ಎಂದವಳೂ ನಾನು. ಅಷ್ಟಕ್ಕೇ ನಿಲ್ಲಲಿಲ್ಲ. ಮರುದಿನ ಒಂಬತ್ತನೇ ತರಗತಿಯಲ್ಲಿ ಉಷ್ಣದ ಪಾಠ ಮಾಡುವಾಗ, ವಿಜ್ಞಾನವನ್ನು ಊರಿನ ಹವೆಗೆ ತಕ್ಕಂತೆ ಬಳಸುವುದಕ್ಕೆ ಉತ್ತಮ ಉದಾಹರಣೆ ಎಂದು ಅದನ್ನೇ ಬೋರ್ಡಿನ ಮೇಲೆ ಬರೆದು, ಮಕ್ಕಳಿಂದಲೂ ಬರೆಸಿದ್ದೆ. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ, ನಾನು ಕಲಿಸಿದ್ದು ತಪ್ಪಾಗಿತ್ತು ಎಂದು ಒಂದು ತರಗತಿಗೂ ಹೇಳಿರಲಿಲ್ಲ.

ಎಳ್ಳಮಾಸಿಯ ಮರುದಿನ ಆ ಮಕ್ಕಳ ಮುಂದೆ ಹೋಗಿ ನಿಂತೆ. ಈಗ ಅವರು ಹತ್ತನೇ ತರಗತಿ. ಹೇಳುವ ಮೊದಲು ಎರಡು ಸಲ ಬೋರ್ಡ್ ಒರೆಸಿದೆ, ಅದು ಒರೆಸಿಯೇ ಇತ್ತು. ಆಮೇಲೆ ಹೇಳಿದೆ: ಹೋದ ವರ್ಷ ಕಾರಿನ ಥರ್ಮೋಸ್ಟಾಟಿನ ಬಗ್ಗೆ ನಿಮಗೆ ತಪ್ಪು ಹೇಳಿಕೊಟ್ಟಿದ್ದೇನೆ, ಅದನ್ನು ಹೊಡೆದುಹಾಕಿ, ಇವತ್ತು ಸರಿಯಾದದ್ದು ಬರೆದುಕೊಳ್ಳಿ.

ಮೂರನೇ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು.

"ನಮಗ ಆಗನ ಗೊತ್ತಿತ್ರಿ ಅಕ್ಕಾರ. ನಮ್ಮಪ್ಪ ಟೆಂಪೊ ಹೊಡೀತಾನ್ರಿ. ಆ ವಾಲ್ ಯಾವತ್ತೂ ತಗಸಬಾರದು ಅಂತ ಅಂವ ಹೇಳಿದ್ದ. ನಾ ಎಲ್ಲಾರಿಗೂ ಹೇಳಿದ್ನಿರಿ."

"ಎಲ್ಲಾರಿಗೂ ಹೇಳಿದಿ, ನನಗ್ಯಾಕ ಹೇಳಲಿಲ್ಲ?"

ಅವಳು ಬೆಂಚಿನ ಅಂಚನ್ನು ಉಗುರಿನಿಂದ ಕೆರೆದಳು.

"ನೀವು ಬೈತೀರಿ ಅಂತ ಹೇಳಲಿಲ್ರಿ."

ತರಗತಿಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ನನಗೆ ಹಗುರವಾಗುತ್ತಿತ್ತು. ನಾನು ಕುರ್ಚಿ ಎಳೆದುಕೊಂಡು ಕೂತು, ಇನ್ನೂ ಏನೇನು ತಪ್ಪು ಹೇಳಿದ್ದೇನೆ, ಗೊತ್ತಿದ್ದವರು ಕೈ ಎತ್ತಿ ಎಂದೆ. ಮೊದಲು ಹಿಂದಿನ ಬೆಂಚಿನಲ್ಲಿ ಒಂದು ಕೈ ಮೇಲೆದ್ದಿತು. ಆಮೇಲೆ ಇನ್ನೂ ಏಳು ಕೈಗಳು.